ಹಾಡು ಮೂಲೆ ಸೇರಬಾರದು



ಹಾಡನ್ನು ಕಿವಿಯಿಂದ ಕೇಳುತ್ತೇವೆ. ಚಿತ್ರವನ್ನು ಕಣ್ಣಿಂದ ನೋಡುತ್ತೇವೆ. ಇವೆರಡಕ್ಕೂ ಏನು ನಂಟು?

ಭೂತನಾಳದಿಂದ ವಿಜಯಪುರ ಪೇಟೆಗೆ ಹೋಗುತ್ತೀರಿ. ಅಲ್ಲಿ ಇಬ್ರಾಹಿಂ ರೋಜಾ ಇದೆ. ಅದು ಎರಡನೆಯ ಇಬ್ರಾಹಿಂ ಆದಿಲ್‌ಶಾಹನ ಗೋರಿ. ಅವನು 1580ರಿಂದ 1627ರವರೆಗೆ ಆಳಿದ. ಅವನಿಗೆ ಹಾಡು ಅಂದರೆ ಜೀವ. ತನ್ನ ತಂಬೂರಿಗೆ ಮೋತಿ ಖಾನ್ ಎಂದು ಹೆಸರಿಟ್ಟಿದ್ದ. 'ಕಿತಾಬ್-ಎ-ನವರಸ್' ಎಂಬ ಹಾಡಿನ ಪುಸ್ತಕ ಬರೆದ. ಅದರ ಕೆಲವು ಹಾಡುಗಳಲ್ಲಿ ರಾಗವೇ ಮನುಷ್ಯರ ರೂಪ ತಾಳಿ ಬರುತ್ತದೆ. ಕೇಳಿದರೆ ಚಿತ್ರ ಕಣ್ಣಿಗೆ ಕಟ್ಟುತ್ತದೆ. ರಾಗಕ್ಕೆ ರೂಪ ಕೊಟ್ಟು ಬರೆದ ಚಿತ್ರಗಳೂ ಇವೆ. ಅವಕ್ಕೆ ರಾಗಮಾಲೆ ಎನ್ನುತ್ತಾರೆ.

ಅರಮನೆಯಲ್ಲಿ ಚಿತ್ರಗಾರರಿದ್ದರು. ನಮ್ಮ ಮನೆಯಲ್ಲಿ? ನಮ್ಮ ಚಿತ್ರ ಇರೋದು ಸೀರೆಯ ಸೆರಗಿನಲ್ಲಿ, ಕುಪ್ಪಸದ ಖಣದಲ್ಲಿ. ಇಳಕಲ್ ಸೀರೆಗೆ ಕಸೂತಿ ಹಾಕುತ್ತಾರೆ. ಅದರಲ್ಲಿ ತೇರು, ಗೋಪುರ, ಆನೆ, ನವಿಲು ಇರುತ್ತವೆ. ಖಣಕ್ಕೆ ಗುಳೇದಗುಡ್ಡ ಹೆಸರಾದ ಊರು. ಈ ಎರಡೂ ಊರು 1997ರವರೆಗೆ ನಮ್ಮ ಜಿಲ್ಲೆಯಲ್ಲೇ ಇದ್ದವು. ಈಗ ಬಾಗಲಕೋಟೆ ಜಿಲ್ಲೆಯಲ್ಲಿವೆ. ಆ ಸೀರೆ, ಆ ಖಣ ನಮ್ಮ ಹಾಡಿನಲ್ಲೂ ಬರುತ್ತವೆ. ಕಪ್ಪು ಚಂದ್ರಕಾಳಿ ಸೀರೆಯೂ ಬರುತ್ತದೆ.

ಆದರೆ ಈಗ ಕೈಮಗ್ಗ ಕಡಿಮೆಯಾಗಿವೆ. ಯಾಕೆ? ಕೈಮಗ್ಗದ ಸೀರೆಗೆ ದಿನಗಟ್ಟಲೆ ದುಡಿಯಬೇಕು. ವಿದ್ಯುತ್ ಮಗ್ಗದ ಬಟ್ಟೆ ಬೇಗ ಆಗುತ್ತದೆ, ಅಗ್ಗಕ್ಕೆ ಸಿಗುತ್ತದೆ. ನೂಲಿನ ಬೆಲೆ ಏರಿತು. ಖಣದ ಕುಪ್ಪಸ ತೊಡುವವರೂ ಕಡಿಮೆಯಾದರು. ನೇಕಾರರ ಮಕ್ಕಳು ಬೇರೆ ಕೆಲಸ ಹಿಡಿದರು. ಮಗ್ಗ ನಿಂತರೆ ಕಂಡಿಕೆ ಸುತ್ತುವ ಹೆಣ್ಣುಮಕ್ಕಳ ಕೂಲಿಯೂ ನಿಲ್ಲುತ್ತದೆ.

ಬೀಸುಕಲ್ಲಿನ ಕತೆ ಬೇರೆ. ಹಿಟ್ಟಿನ ಗಿರಣಿ ಬಂತು. ರಟ್ಟೆ ನೋವು ತಪ್ಪಿತು. ಅದು ಒಳ್ಳೇದೇ ಆಯ್ತು. ಆದರೆ ಬೀಸುವ ಪದವೂ ಕಲ್ಲಿನ ಸಂಗಡ ಮೂಲೆ ಸೇರಿತು. ಕೆಲಸ ಹೋದರೆ ಅದರ ಹಾಡೂ ಹೋಗುತ್ತದೆ. ಹಾಡು ಉಳಿದರೂ ಅರ್ಥ ಹೋಗುತ್ತದೆ. "ಯವ್ವಾ, ಚಂದ್ರಕಾಳಿ ಅಂದ್ರ ಏನ?" ಅಂತ ಮಗಳು ಕೇಳ್ತಾಳ.

ನಮ್ಮ ಜಿಲ್ಲೆಯಲ್ಲಿ ಹಲಸಂಗಿ ಎಂಬ ಊರಿದೆ. ಅಲ್ಲಿಯ ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಗೆಳೆಯರು ಹೆಣ್ಣುಮಕ್ಕಳ ಹಾಡು ಕೇಳಿ ಬರೆದುಕೊಂಡರು. 1931ರಲ್ಲಿ 'ಗರತಿಯ ಹಾಡು' ಪುಸ್ತಕ ಬಂತು. ಹಾಡು ಕಟ್ಟಿದವರು ಹೆಣ್ಣುಮಕ್ಕಳು. ಬರೆದುಕೊಂಡವರು ಗಂಡಸರು. ಕಟ್ಟಿದವರ ಹೆಸರು ಉಳಿಯಲಿಲ್ಲ. ಆಗ ಬಹಳ ಹೆಣ್ಣುಮಕ್ಕಳಿಗೆ ಅಕ್ಷರ ಬರುತ್ತಿರಲಿಲ್ಲ.

ಈಗ ನಿಮಗೆ ಅಕ್ಷರ ಬಂದಿದೆ. ಮೊಬೈಲಿನಲ್ಲಿ ದನಿ ಹಿಡಿಯಬಹುದು. ಮಾತಿನ ಅರ್ಥ ಮಾತ್ರ ಬರೆದೇ ಇಡಬೇಕು. ಹಾಡು ಬರೆಯಿರಿ. ಕೆಳಗೆ ಹೇಳಿಕೊಟ್ಟವಳ ಹೆಸರು ಬರೆಯಿರಿ. ಕಲ್ಲು ಮೂಲೆ ಸೇರಲಿ. ಹಾಡು ಮೂಲೆ ಸೇರಬಾರದು.

ಓದಿರಿ: ಮಗ್ಗ, ಲಾಳಿ, ಹಾಸು, ಹೊಕ್ಕು, ಕಂಡಿಕೆ, ಖಣ.

ಮಾತಾಡಿರಿ:
1. ಗಿರಣಿ ಬಂದಾಗ ನಮಗೆ ಏನು ಸಿಕ್ಕಿತು? ಏನು ಹೋಯಿತು?
2. ಮಗ್ಗ ನಿಂತಾಗ ಯಾರ ಯಾರ ಕೂಲಿ ಹೋಯಿತು?

ಬರೆಯಿರಿ: ಮನೆಯ ಹಿರಿಯಳಿಂದ ಒಂದು ಹಾಡು ಕೇಳಿ. ಅದರಲ್ಲಿ ಬರುವ ಸೀರೆ, ಖಣ, ಒಡವೆಯ ಹೆಸರು ಬರೆಯಿರಿ.