ಜೀಪಿನ ನಡುಕಕ್ಕೆ ಆವರ್ತನದ ಲೆಕ್ಕ

ಕಳೆದ ಮಳೆಗಾಲದಲ್ಲಿ ಮೂಡಿಗೆರೆ ಕಡೆಯ ನನ್ನ ಮಾವನ ಜೀಪಿಗೆ ವಿಚಿತ್ರ ನಡುಕ ಶುರುವಾಯಿತು. ದಿನವೂ ತೋಟದ ಕೆಲಸದವರನ್ನು ಕೂರಿಸಿಕೊಂಡು ಹೋಗುವ ಗಾಡಿ ಅದು. ವೇಗ 40 ಕಿ.ಮೀ. ಮುಟ್ಟಿದರೆ ಸಾಕು, ಕಾಲಡಿಯ ತಗಡು ಗುಂಯ್ ಎನ್ನುತ್ತಿತ್ತು, ಗೇರ್ ಲಿವರ್ ಅದುರುತ್ತಿತ್ತು. ಗ್ಯಾರೇಜಿನವರು ಚಕ್ರಗಳಿಗೆ ಎರಡು ಸಲ ಬ್ಯಾಲೆನ್ಸಿಂಗ್ ಮಾಡಿದರು, ಎರಡು ಹೊಸ ಟೈರನ್ನೂ ಹಾಕಿಸಿದರು. ಹಣ ಹೋಯಿತು, ನಡುಕ ಹೋಗಲಿಲ್ಲ. “ಫಿಸಿಕ್ಸ್ ಮೇಷ್ಟ್ರಲ್ಲವೇನೋ ನೀನು, ಏನಾದರೂ ಹೇಳು” ಎಂದರು ಮಾವ.

ಶಬ್ದವನ್ನು ಬರೀ ಕಿವಿಯಿಂದ ಹುಡುಕಲು ಹೋದರೆ ಮೋಸ ಹೋಗುತ್ತೇವೆ. ತಗಡು, ಚಾಸಿಸ್ ಎಲ್ಲವೂ ಕಂಪನವನ್ನು ಎಲ್ಲಿಂದೆಲ್ಲಿಗೋ ಸಾಗಿಸುತ್ತವೆ. ಶಬ್ದ ಯಾವುದರ ಜೊತೆ ಬದಲಾಗುತ್ತದೆ ಎಂದು ಕೇಳಬೇಕು. ಮೊದಲು ಗಾಡಿ ನಿಲ್ಲಿಸಿ, ನ್ಯೂಟ್ರಲ್‌ನಲ್ಲಿ ಎಂಜಿನ್ ರೇಸ್ ಮಾಡಿದೆವು. ನಡುಕವಿಲ್ಲ. ಆಮೇಲೆ ಖಾಲಿ ಇರುವ ಸಮತಟ್ಟಾದ ರಸ್ತೆಯಲ್ಲಿ 40ಕ್ಕೆ ಹೋಗಿ ಕ್ಲಚ್ ಒತ್ತಿದೆವು (ಘಾಟಿಯ ಇಳಿಜಾರಿನಲ್ಲಿ ಈ ಪ್ರಯೋಗ ಬೇಡವೇ ಬೇಡ). ಎಂಜಿನ್ ತಣ್ಣಗಾದರೂ ನಡುಕ ಹಾಗೇ ಇತ್ತು. ಅಂದರೆ ಎಂಜಿನ್ ನಿರಪರಾಧಿ. ಎಡಕ್ಕೆ, ಬಲಕ್ಕೆ ಸ್ವಲ್ಪ ಸ್ಟಿಯರಿಂಗ್ ತಿರುಗಿಸಿದಾಗಲೂ ಬದಲಾವಣೆಯಿಲ್ಲ. ಚಕ್ರದ ಬೇರಿಂಗ್ ಸವೆದಿದ್ದರೆ ಭಾರ ಹೊರಬದಿಯ ಚಕ್ರಕ್ಕೆ ವಾಲಿದಾಗ ಸಾಮಾನ್ಯವಾಗಿ ಗುಂಯ್‌ಗುಟ್ಟುವಿಕೆ ಏರಿಳಿಯುತ್ತದೆ.

ಫೋರ್ ವೀಲ್ ಗಾಡಿಯಲ್ಲಿ ಇನ್ನೊಂದು ಎಚ್ಚರ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಸಾಗುತ್ತವೆ. ಹಳೆಯ ಜೀಪುಗಳಲ್ಲಿ ನಡುವೆ ಡಿಫರೆನ್ಷಿಯಲ್ ಇಲ್ಲದ್ದರಿಂದ, ಲಿವರ್ ಫೋರ್ ವೀಲ್‌ನಲ್ಲಿದ್ದರೆ ಮುಂದಿನ, ಹಿಂದಿನ ಶಾಫ್ಟ್‌ಗಳು ಒಂದೇ ವೇಗದಲ್ಲಿ ತಿರುಗಲೇಬೇಕು. ಕೆಸರಿನಲ್ಲಿ ಟೈರ್ ಜಾರಿ ವ್ಯತ್ಯಾಸ ಸರಿಹೋಗುತ್ತದೆ. ಒಣ ಟಾರಿನಲ್ಲಿ ಗಾಡಿ ಬಿಗಿದು, ಠಕ್ ಠಕ್ ಎಂದು ಜಗ್ಗುತ್ತದೆ. ಅದು ರೋಗವಲ್ಲ, ಓಡಿಸುವವರ ತಪ್ಪು. ಮಾವ ಅಂಥ ತಪ್ಪು ಮಾಡುವವರಲ್ಲ. ಲಿವರ್ ಟೂ ವೀಲ್‌ನಲ್ಲೇ ಇತ್ತು.

ಇನ್ನು ಲೆಕ್ಕ. ಟೈರಿನ ವ್ಯಾಸ ಸುಮಾರು 0.7 ಮೀಟರ್, ಸುತ್ತಳತೆ 2.2 ಮೀಟರ್. ಗಂಟೆಗೆ 40 ಕಿ.ಮೀ. ಎಂದರೆ ಸೆಕೆಂಡಿಗೆ 11 ಮೀಟರ್. ಹಾಗಾಗಿ ಚಕ್ರ ಸೆಕೆಂಡಿಗೆ 5 ಸುತ್ತು. ಈ ಜೀಪಿನ ಹಿಂದಿನ ಹೌಸಿಂಗ್‌ನಲ್ಲಿ ಗೇರ್ ಅನುಪಾತ ಸುಮಾರು 4, ಆದ್ದರಿಂದ ಪ್ರೊಪೆಲ್ಲರ್ ಶಾಫ್ಟ್ 20 ಸುತ್ತು. ಟೈರಿನ ತೂಕ ಅಸಮವಾಗಿದ್ದರೆ ಕಂಪನ 5 ಹರ್ಟ್ಸ್, ಶಾಫ್ಟಿನದಾದರೆ 20 ಹರ್ಟ್ಸ್.

ಜರ್ಮನಿಯ ಆಖನ್ ವಿಶ್ವವಿದ್ಯಾಲಯದವರು ರೂಪಿಸಿದ ಫೈಫಾಕ್ಸ್ ಎಂಬ ಉಚಿತ ಆ್ಯಪ್ ಫೋನಿನ ಆಕ್ಸಲರೋಮೀಟರ್ ಬಳಸಿ ಕಂಪನದ ಆವರ್ತನ ತೋರಿಸುತ್ತದೆ. ಫೋನನ್ನು ಜೀಪಿನ ನೆಲಕ್ಕೆ ಟೇಪಿನಿಂದ ಅಂಟಿಸಿ, ಮಾವ ಓಡಿಸುತ್ತಿರುವಾಗ ನೋಡಿದೆ. ಎತ್ತರದ ಶಿಖರ ಬಂದದ್ದು 5ರಲ್ಲೂ ಅಲ್ಲ, 20ರಲ್ಲೂ ಅಲ್ಲ, 40ರ ಹತ್ತಿರ!

ಈ ಎರಡರಷ್ಟು ಎಲ್ಲಿಂದ ಬಂತು? ಶಾಫ್ಟಿನ ಎರಡು ತುದಿಗಳಲ್ಲಿರುವ ಕ್ರಾಸ್‌ಗಳಿಗೆ ಹುಕ್ ಜಾಯಿಂಟ್ ಎಂದೂ ಹೆಸರು. ನೀವು ಸ್ಥಿತಿಸ್ಥಾಪಕತೆಯ ಪಾಠದಲ್ಲಿ ಓದುವ ರಾಬರ್ಟ್ ಹುಕ್ ಇವನೇ. ಕೋನದಲ್ಲಿ ಬಾಗಿ ತಿರುಗುವಾಗ ಈ ಜಾಯಿಂಟಿಗೆ ಒಂದು ಕಡೆಯಿಂದ ಸಮವೇಗ ಕೊಟ್ಟರೂ ಇನ್ನೊಂದು ಕಡೆಯ ವೇಗ ಪ್ರತಿ ಸುತ್ತಿನಲ್ಲಿ ಎರಡು ಸಲ ಹೆಚ್ಚಿ, ಎರಡು ಸಲ ತಗ್ಗುತ್ತದೆ. ಮೊದಲ ಕ್ರಾಸ್ ಮಾಡಿದ ಈ ಏರುಪೇರನ್ನು ಎರಡನೆಯದು ಅಳಿಸಬೇಕು. ಹಾಗಾಗಲು ಶಾಫ್ಟಿನ ಎರಡೂ ತುದಿಯ ಕವಲುಗಳು ಒಂದೇ ಸಮತಲದಲ್ಲಿರಬೇಕು.

“ನಡುಕಕ್ಕೆ ಮುಂಚೆ ಏನಾದರೂ ರಿಪೇರಿ ಮಾಡಿಸಿದ್ದಿರಾ ಮಾವ?” ಎಂದೆ. ಒಂದು ವಾರ ಮುಂಚೆ ಕ್ರಾಸ್ ಬದಲಿಸಿದ್ದರಂತೆ. ಮೊದಲೇ ಕೇಳಬೇಕಿದ್ದ ಪ್ರಶ್ನೆ ಇದು! ಗಾಡಿಯಡಿ ಮಲಗಿ ಟಾರ್ಚ್ ಬಿಟ್ಟರೆ, ಜೋಡಣೆಯ ಬಾಣದ ಗುರುತುಗಳು ಎದುರುಬದುರಾಗಿಲ್ಲ. ಶಾಫ್ಟ್ ಎರಡು ಭಾಗವಾಗಿ ಬಿಚ್ಚಿಕೊಂಡಾಗ ಹಲ್ಲುಗಳನ್ನು ತಿರುಚಿ ಕೂರಿಸಿದ್ದರು. ಹೀಗೇ ಓಡಿಸಿದ್ದರೆ ಕ್ರಾಸೂ ಗೇರ್‌ಬಾಕ್ಸ್ ಬೇರಿಂಗೂ ಸವೆಯುತ್ತಿದ್ದವು. ಮುಂದಿನ ತುದಿ ಕಳಚಿ ರಸ್ತೆಗೆ ಕಚ್ಚಿದರೆ ಗಾಡಿ ಮಗುಚುವ ಅಪಾಯವೂ ಉಂಟು, ಹಿಂದೆ ಜನ ಕೂತಿರುತ್ತಾರೆ.

ಬೇರೆ ಮಿಸ್ತ್ರಿಯೊಬ್ಬರು ಶಾಫ್ಟ್ ಇಳಿಸಿ, ಗುರುತು ಸೇರಿಸಿ ಕೂರಿಸಿದರು. ಅರ್ಧ ಗಂಟೆಯ ಕೆಲಸ. ಸಂಜೆ ಮತ್ತೆ ಫೋನ್ ಅಂಟಿಸಿ ನೋಡಿದೆವು. 40ರ ಶಿಖರ ಇರಲಿಲ್ಲ. 5ರ ಬಳಿ ಪುಟ್ಟದೊಂದು ಉಳಿದಿದೆ. ಹೊಸ ಟೈರಿಗೆ ಕೊಟ್ಟ ಹಣ ನೆನೆದು ಅದರ ಸುದ್ದಿಯನ್ನು ಮಾವನಿಗೆ ಇನ್ನೂ ಹೇಳಿಲ್ಲ.