ಸೂಜಿಗೆ ಮೊದಲು ನೀರು ನೋಡಿ

ಪ್ರಶ್ನೆ: ನಮ್ಮದು ಮುಂಡರಗಿ ತಾಲೂಕಿನ ಹಳ್ಳಿ. ಅವ್ವಗ 58 ವರ್ಷ. ಮೊಣಕಾಲು, ಟೊಂಕ ಎರಡೂ ನೋವು. ಸಕ್ಕರಿ ಕಾಯಿಲೆ ಗುಳಿಗೀನೂ ನಡದಾವ. ಲಕ್ಷ್ಮೇಶ್ವರದ ನಮ್ಮ ಬೀಗರು ಆಕ್ಯುಪಂಕ್ಚರ್ ಮಾಡಿಸಿಕೊಂಡು ಆರಾಮಾಗೇವಿ, ನಿಮ್ಮವ್ವಗೂ ಮಾಡಸ್ರಿ, ಗುಳಿಗಿ ಎಲ್ಲಾ ಬಿಡಬಹುದು ಅಂತಾರ. ನಂಬಬಹುದೇನ್ರೀ?

ಉತ್ತರ: ನೋವಿನ ಮಟ್ಟಿಗೆ ಅರ್ಧ ನಂಬಿ, ಗುಳಿಗೆ ಬಿಡುವ ಮಾತನ್ನು ಪೂರಾ ಬಿಡಿ. ಸೂಜಿಯಿಂದ ಸಕ್ಕರೆ ಕಾಯಿಲೆಯಾಗಲಿ ಬಿ.ಪಿ.ಯಾಗಲಿ ವಾಸಿಯಾಗುತ್ತದೆ ಎಂಬುದಕ್ಕೆ ಪುರಾವೆ ಇಲ್ಲ. ಗುಳಿಗೆ ಬಿಟ್ಟರೆ ಮಾತ್ರ ಸಕ್ಕರೆ ಏರುವುದು ಖಂಡಿತ.

ಚೀನಾದ ಈ ಸೂಜಿವಿದ್ಯೆ ನಮ್ಮಲ್ಲಿಗೆ ಬಂದದ್ದು ಇತ್ತೀಚೆಗೆ. 1938ರಲ್ಲಿ ಭಾರತದಿಂದ ಐವರು ವೈದ್ಯರು ಯುದ್ಧಪೀಡಿತ ಚೀನಾಕ್ಕೆ ಹೋದರು. ಅವರಲ್ಲಿ ಸೊಲ್ಲಾಪುರದ ದ್ವಾರಕಾನಾಥ ಕೋಟ್ನಿಸ್ 1942ರಲ್ಲಿ ಅಲ್ಲೇ ತೀರಿಕೊಂಡರು. ಅವರ ಜೊತೆಗಾರ ಬಿಜಯ್ ಕುಮಾರ್ ಬಸು 1958ರಲ್ಲಿ ಮತ್ತೆ ಚೀನಾಕ್ಕೆ ಹೋಗಿ ಆಕ್ಯುಪಂಕ್ಚರ್ ಕಲಿತು ಬಂದು, ಕಲ್ಕತ್ತೆಯಲ್ಲಿ ಚಿಕಿತ್ಸೆ ಶುರು ಮಾಡಿದರು. ಕೇಂದ್ರ ಆರೋಗ್ಯ ಸಚಿವಾಲಯ ಇದನ್ನು ಚಿಕಿತ್ಸಾ ವಿಧಾನವೆಂದು ಒಪ್ಪಿದ್ದು 2003ರಲ್ಲಿ, ಸ್ವತಂತ್ರ ಪದ್ಧತಿಯೆಂದು ಮಾನ್ಯ ಮಾಡಿದ್ದು 2019ರಲ್ಲಿ.

ಸೂಜಿ ಚುಚ್ಚಿದಾಗ ಆಗುವುದೇನು? ಮೈಯೊಳಗಿನ ನಾಡಿಮಾರ್ಗಗಳಲ್ಲಿ ‘ಚೀ’ ಎಂಬ ಶಕ್ತಿ ಹರಿಯುತ್ತದೆ, ಅದು ತಡೆದಲ್ಲಿ ನೋವು ಎನ್ನುವುದು ಚೀನೀ ವಿವರಣೆ. ಶರೀರಶಾಸ್ತ್ರದ ಪ್ರಕಾರ ಸೂಜಿ ನರಗಳನ್ನು ಕೆಣಕುತ್ತದೆ, ಮೆದುಳು ಎಂಡಾರ್ಫಿನ್‌ನಂಥ ನೋವುಶಾಮಕಗಳನ್ನು ಬಿಡುತ್ತದೆ. ಇದರ ಜೊತೆಗೆ ನಂಬಿಕೆಯ ಪಾಲೂ ಇದೆ, ಅದು ಸಣ್ಣದಲ್ಲ. ಜರ್ಮನಿಯಲ್ಲಿ 1,162 ಟೊಂಕನೋವಿನ ರೋಗಿಗಳ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಪರೀಕ್ಷೆ ನೋಡಿ. ಆರು ತಿಂಗಳ ನಂತರ ಸರಿಯಾದ ಆಕ್ಯುಪಂಕ್ಚರ್ ಪಡೆದವರಲ್ಲಿ ಶೇ. 47.6 ಮಂದಿಗೆ ಗುಣ ಕಂಡಿತು. ಔಷಧಿ, ವ್ಯಾಯಾಮಗಳ ಮಾಮೂಲಿ ಚಿಕಿತ್ಸೆಯಲ್ಲಿ ಶೇ. 27.4. ಆದರೆ ಶಾಸ್ತ್ರದಲ್ಲಿಲ್ಲದ ಜಾಗಗಳಲ್ಲಿ ಮೇಲೆಮೇಲೆ ಚುಚ್ಚಿಸಿಕೊಂಡವರಲ್ಲೂ ಶೇ. 44.2 ಮಂದಿಗೆ ಗುಣವಾಗಿತ್ತು! ಬೀಗರು ಹೇಳಿದ್ದು ಸುಳ್ಳಲ್ಲ, ಆರಾಮಾಗಿರಬಹುದು. ಎಲ್ಲಿ ಚುಚ್ಚಿದರು ಎಂಬುದಕ್ಕಿಂತ ಚುಚ್ಚಿಸಿಕೊಂಡು, ಮಲಗಿ, ಆರೈಕೆ ಪಡೆದದ್ದೇ ಹೆಚ್ಚು ಕೆಲಸ ಮಾಡಿರಬಹುದು.

ಆದ್ದರಿಂದಲೇ ತಜ್ಞರ ಸಲಹೆ ನೋವಿನಿಂದ ನೋವಿಗೆ ಬೇರೆಯಾಗುತ್ತದೆ. ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಗೆ ದಾರಿ ತೋರಿಸುವ ‘ನೈಸ್’ ಸಂಸ್ಥೆ, ಪದೇಪದೇ ಬರುವ ಮೈಗ್ರೇನ್ ತಲೆನೋವಿಗೆ ಇದನ್ನು ಪ್ರಯತ್ನಿಸಬಹುದು ಎಂದು 2012ರಲ್ಲಿ ಹೇಳಿತು. ಟೊಂಕನೋವಿಗೆ 2009ರಲ್ಲಿ ಒಪ್ಪಿ 2016ರಲ್ಲಿ ಹಿಂದೆಗೆಯಿತು. ಮೊಣಕಾಲ ಸವೆತಕ್ಕೆ ಕೊಡಬೇಡಿ ಎಂದು 2022ರಲ್ಲಿ ಬರೆಯಿತು. ನಿಮ್ಮವ್ವನ ಎರಡು ನೋವೂ ಬೇಡ ಎಂದ ಪಟ್ಟಿಯಲ್ಲೇ ಇವೆ.

ಈಗ ನಿಮ್ಮ ಸೀಮೆಯ ಮಾತಿಗೆ ಬರೋಣ. ಸೂಜಿ ನೋವನ್ನು ತಗ್ಗಿಸೀತು, ನೋವು ಹುಟ್ಟಿಸಿದ್ದನ್ನು ಮುಟ್ಟುವುದಿಲ್ಲ. ಬೆಟಗೇರಿಯಲ್ಲಿ ಮಗ್ಗದ ಕುಣಿಗೆ ಕಾಲು ಇಳಿಬಿಟ್ಟು ದಿನವಿಡೀ ಬಾಗಿ ಕೂರುವ ನೇಕಾರರ ಬೆನ್ನು, ಶಿರಹಟ್ಟಿ ಕಡೆ ಉಳ್ಳಾಗಡ್ಡಿ, ಮೆಣಸಿನಕಾಯಿ ಹೊಲದಲ್ಲಿ ಕುಕ್ಕರುಗಾಲಲ್ಲಿ ಕಸ ತೆಗೆಯುವ ಹೆಣ್ಣುಮಕ್ಕಳ ಮೊಣಕಾಲು, ಇವುಗಳ ಮೂಲ ದುಡಿಮೆಯಲ್ಲಿದೆ. ನಿಮ್ಮ ತಾಲೂಕಿನಲ್ಲಿ ಇನ್ನೊಂದು ಮೂಲವೂ ಉಂಟು: ಬೋರ್‌ವೆಲ್ ನೀರು. ಮುಂಡರಗಿ ತಾಲೂಕಿನ ಹಲವು ಹಳ್ಳಿಗಳ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ಗತಿಯಿಲ್ಲದಿದ್ದರೆ 1.5 ಎನ್ನುವುದು ಭಾರತೀಯ ಮಾನಕ. ಅದನ್ನು ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿಗೆ ಕಂದು ಪಟ್ಟಿ ಬೀಳುತ್ತದೆ, ದೊಡ್ಡವರ ಕೀಲು, ಬೆನ್ನು, ಕುತ್ತಿಗೆ ಬಿಗಿಯುತ್ತವೆ. ಅದು ಫ್ಲೋರೋಸಿಸ್. ಅದೇ ನೀರು ಕುಡಿಯುತ್ತ ಎಷ್ಟು ಸೂಜಿ ಚುಚ್ಚಿಸಿದರೇನು?

ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಅವ್ವ ಮೊಣಕಾಲು ಮಡಚದೆ ಬಾಗಿ ಕಾಲ್ಬೆರಳು ಮುಟ್ಟಬಲ್ಲರೇ? ಗದ್ದವನ್ನು ಎದೆಗೆ ತಾಗಿಸಬಲ್ಲರೇ? ಎರಡೂ ಕೈ ಚಾಚಿ, ಮಡಚಿ, ತಲೆಯ ಹಿಂದೆ ಹಿಡಿಯಬಲ್ಲರೇ? ಆಗದಿದ್ದರೆ ಫ್ಲೋರೋಸಿಸ್ ಎಂದೇ ಖಚಿತವಾಗುವುದಿಲ್ಲ, ಆದರೆ ವೈದ್ಯರಿಗೆ ತೋರಿಸಲು ಅಷ್ಟು ಸಾಕು. ಗದಗಿನ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಹೋಗಿ ಎಕ್ಸ್-ರೇ ತೆಗೆಸಿ. ನೀರನ್ನು ಪಂಚಾಯಿತಿ ಮೂಲಕ ಪರೀಕ್ಷೆಗೆ ಕಳಿಸಿ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ದಟ್ಟವಾಗುತ್ತದೆ. ಶುದ್ಧೀಕರಣ ಘಟಕದ ನೀರೋ, ನಳದಲ್ಲಿ ಬರುವ ಹೊಳೆಯ ನೀರೋ ಕುಡಿಯಲಿ, ಅಡುಗೆಗೂ ಅದನ್ನೇ ಬಳಸಿ.

ಇಷ್ಟಾದ ಮೇಲೂ ಸೂಜಿ ಮಾಡಿಸಬೇಕೆನಿಸಿದರೆ ಮಾಡಿಸಿ. ಯಾರ ಹತ್ತಿರ ಎಂಬುದು ಮುಖ್ಯ. ಕರ್ನಾಟಕದಲ್ಲಿ ಪ್ರಕೃತಿ ಚಿಕಿತ್ಸೆ ಮತ್ತು ಯೋಗದ ಪದವಿ, ಅಂದರೆ ಬಿ.ಎನ್.ವೈ.ಎಸ್. ಪಡೆದವರು ಇದನ್ನು ಓದಿನಲ್ಲೇ ಕಲಿತಿರುತ್ತಾರೆ. ಕಲ್ಯಾಣಮಂಟಪದ ಎರಡು ದಿನದ ಶಿಬಿರಕ್ಕಿಂತ ಅವರು ಮೇಲು. ಸೂಜಿಯ ಪೊಟ್ಟಣವನ್ನು ನಿಮ್ಮ ಕಣ್ಣೆದುರು ಒಡೆಯಲಿ, ಒಮ್ಮೆ ಬಳಸಿ ಎಸೆಯಲಿ. ಬಳಸಿದ್ದನ್ನೇ ಬಳಸಿದರೆ ಕಾಮಾಲೆಯ ಬಿ ವೈರಸ್ ಹರಡೀತು. ಅವ್ವಗೆ ಸಕ್ಕರೆ ಇರುವುದರಿಂದ ಪಾದಕ್ಕೆ ಚುಚ್ಚಿಸುವುದು ಬೇಡ, ಗಾಯ ಮಾಯುವುದು ತಡ. ರಕ್ತ ತೆಳುಮಾಡುವ ಗುಳಿಗೆ ಇದ್ದರೆ ಮೊದಲೇ ಹೇಳಿ. ಎದೆ, ಹೆಗಲಿನ ಭಾಗದಲ್ಲಿ ಆಳಕ್ಕೆ ಚುಚ್ಚಿದರೆ ಶ್ವಾಸಕೋಶಕ್ಕೆ ತಾಗಿದ ಉದಾಹರಣೆಗಳಿವೆ. ಐದಾರು ಸಲಕ್ಕೂ ಫರಕು ಕಾಣದಿದ್ದರೆ ನಿಲ್ಲಿಸಿ, ಉಳಿದ ದುಡ್ಡನ್ನು ಫಿಸಿಯೋಥೆರಪಿಗೆ ಹಾಕಿ. ತೊಡೆಯ ಸ್ನಾಯು ಗಟ್ಟಿಯಾದಷ್ಟೂ ಮೊಣಕಾಲ ಮೇಲಿನ ಭಾರ ಇಳಿಯುತ್ತದೆ, ಆ ವ್ಯಾಯಾಮವನ್ನು ಅವ್ವ ಮನೆಯಲ್ಲೇ ಮಾಡಿಕೊಳ್ಳಬಹುದು.