ಹೊಂಡದ ಮೀನನ್ನು ದಂಡೆಯ ಬಳಿಯೇ ಹಿಡಿಯುವ ಕ್ರಮ

ತುಂಗಭದ್ರಾ ಬಲದಂಡೆಯ ಕಾಲುವೆ ನೀರು ಹರಿಯುವ ಸಿರುಗುಪ್ಪ ಮತ್ತು ಕುರುಗೋಡು ತಾಲ್ಲೂಕುಗಳಲ್ಲಿ ಭತ್ತ, ಹತ್ತಿ, ಮೆಣಸಿನಕಾಯಿಗಳ ಜೊತೆಗೆ ಹೊಂಡದಲ್ಲಿ ಮೀನು ಸಾಕುವ ರೈತರೂ ಇದ್ದಾರೆ. ಈ ಭಾಗದ ಎರೆಭೂಮಿಯಲ್ಲಿ ನೀರು ಇಂಗುವುದು ಕಡಿಮೆ. ಭತ್ತದ ಗಿರಣಿಗಳಿಂದ ತೌಡು ಹತ್ತಿರದಲ್ಲಿಯೇ ದೊರೆಯುತ್ತದೆ. ಮಾರಾಟಕ್ಕೆ ಬಳ್ಳಾರಿ ನಗರವಿದೆ. ಹೀಗಾಗಿ ಮೀನು ಸಾಕಣೆಗೆ ಅನುಕೂಲಗಳು ಸಾಕಷ್ಟಿವೆ.

ಮರಿ ಬಿಡುವುದು, ಗೊಬ್ಬರ ಹಾಕುವುದು, ಆಹಾರ ಕೊಡುವುದು ಬಹುಮಟ್ಟಿಗೆ ರೈತರಿಗೆ ತಿಳಿದ ವಿಷಯ. ಆದರೆ ಮೀನು ಹಿಡಿಯುವುದನ್ನು ಮಾತ್ರ ಕೊನೆಯ ದಿನದ ಕೆಲಸವೆಂದು ಭಾವಿಸುವುದುಂಟು. ಕಾಲುವೆ ನಿಂತು, ಹೊಂಡ ಬತ್ತಿ, ಮೀನು ಮೇಲೆ ಕಾಣತೊಡಗಿದಾಗ ಹಿಡಿದರಾಯಿತೆಂದು ಕಾಯುತ್ತಾರೆ. ವರ್ಷದ ದುಡಿಮೆ ಒಂದೇ ರಾತ್ರಿಯಲ್ಲಿ ಹಾಳಾಗುವುದು ಈ ಹಂತದಲ್ಲಿಯೇ.

ಕಾಯುವುದರಿಂದಾಗುವ ನಷ್ಟ

200 ಅಡಿ ಉದ್ದ, 100 ಅಡಿ ಅಗಲದ, ಇಳಿಜಾರು ದಂಡೆಯ ಒಂದು ಹೊಂಡವನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಇದರ ವಿಸ್ತೀರ್ಣ ಸುಮಾರು 18 ಗುಂಟೆ. ಎಕರೆಗೆ 2,000ದಂತೆ ಇದಕ್ಕೆ 900 ಬಲಿತ ಮರಿಗಳನ್ನು ಬಿಟ್ಟು, ಅವುಗಳಲ್ಲಿ 700 ಉಳಿದು, ಪ್ರತಿಯೊಂದೂ ಮುಕ್ಕಾಲು ಕಿಲೋ ತೂಗಿದರೆ ಹೊಂಡದಲ್ಲಿ 525 ಕಿಲೋ ಮೀನಿರುತ್ತದೆ. ನೀರು 6 ಅಡಿಯಿಂದ 3 ಅಡಿಗೆ ಇಳಿದಾಗ ಒಟ್ಟು ನೀರು ಅರ್ಧಕ್ಕಿಂತಲೂ ಕಡಿಮೆಯಾಗುತ್ತದೆ. ಮೀನಿನ ತೂಕ ಮಾತ್ರ ಅಷ್ಟೇ ಇರುತ್ತದೆ. ಅಂದರೆ ದಟ್ಟಣೆ ಎರಡು ಪಟ್ಟಿಗಿಂತ ಹೆಚ್ಚಾಯಿತು.

ಇದರ ಜೊತೆಗೆ ಬಿಸಿಲಿನ ಪರಿಣಾಮವೂ ಸೇರುತ್ತದೆ. 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಒಂದು ಲೀಟರ್ ನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳಬಲ್ಲದು. 30 ಡಿಗ್ರಿಯಲ್ಲಿ ಅದು ಸುಮಾರು ಏಳೂವರೆ ಮಿಲಿಗ್ರಾಂಗೆ ಇಳಿಯುತ್ತದೆ. ಹಗಲಿನಲ್ಲಿ ನೀರಿನ ಪಾಚಿ ಆಮ್ಲಜನಕವನ್ನು ಬಿಡುಗಡೆ ಮಾಡುತ್ತದೆ. ರಾತ್ರಿ ಪಾಚಿ, ಮೀನು, ತಳದ ಕೊಳೆ ಇವೆಲ್ಲವೂ ಅದನ್ನು ಬಳಸಿಕೊಳ್ಳುತ್ತವೆ. ಆದ್ದರಿಂದ ಬೆಳಗಿನ ಜಾವ, ಸೂರ್ಯೋದಯಕ್ಕೆ ಮುಂಚೆ, ಆಮ್ಲಜನಕ ಅತ್ಯಂತ ಕಡಿಮೆ ಇರುತ್ತದೆ. ಮೀನುಗಳು ಮೇಲೆ ಬಂದು ಬಾಯಿ ತೆರೆದು ಗುಟುಕು ಗಾಳಿಗಾಗಿ ಒದ್ದಾಡುವುದು ಈ ಹೊತ್ತಿನಲ್ಲಿಯೇ. ಇದನ್ನು ಕಂಡ ಕೂಡಲೇ ಪಂಪಿನಿಂದ ನೀರನ್ನು ಎತ್ತಿ ಹೊಂಡಕ್ಕೇ ಮಳೆಯಂತೆ ಸುರಿಯಬೇಕು ಅಥವಾ ಹೊಸ ನೀರನ್ನು ಬಿಡಬೇಕು. ಆ ದಿನ ಆಹಾರ ಹಾಕಬಾರದು.

ಕಾಲುವೆಯ ನೀರು ಎಣಿಸಿದಂತೆಯೇ ಬರುತ್ತದೆಂದು ನಂಬಿ ಕೂರುವುದೂ ಸರಿಯಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಕ್ರೆಸ್ಟ್ ಗೇಟು ಕೊಚ್ಚಿಹೋಗಿ, ತಾತ್ಕಾಲಿಕ ಗೇಟು ಅಳವಡಿಸುವವರೆಗೆ ಜಲಾಶಯದ ನೀರು ನದಿಗೆ ಹರಿದುಹೋದದ್ದನ್ನು ಈ ಭಾಗದ ರೈತರು ಕಂಡಿದ್ದಾರೆ. ನೀರಿರುವಾಗಲೇ ಹಂತಹಂತವಾಗಿ ಮೀನು ಹಿಡಿಯುವುದು ಎಲ್ಲ ರೀತಿಯಿಂದಲೂ ಕ್ಷೇಮ. ದೊಡ್ಡ ಮೀನು ತೆಗೆದಂತೆ ಉಳಿದವುಗಳಿಗೆ ಜಾಗ, ಗಾಳಿ, ಆಹಾರ ಹೆಚ್ಚು ದೊರೆತು ಅವು ಬೇಗ ಬೆಳೆಯುತ್ತವೆ.

ಮೀನನ್ನು ದಂಡೆಗೆ ಬರಮಾಡುವುದು

ಕಾಟ್ಲಾ ನೀರಿನ ಮೇಲ್ಭಾಗದಲ್ಲಿ, ರೋಹು ನಡುಭಾಗದಲ್ಲಿ, ಮೃಗಾಲ್ ಮತ್ತು ಸಾಮಾನ್ಯ ಗೆಂಡೆ ತಳದಲ್ಲಿ ಆಹಾರ ಹುಡುಕುತ್ತವೆ. ಇವುಗಳನ್ನೆಲ್ಲ ಹೊಂಡದ ತುಂಬ ಅಟ್ಟಾಡಿಸುವುದಕ್ಕಿಂತ ಒಂದು ಮೂಲೆಗೆ ರೂಢಿ ಮಾಡಿಸುವುದು ಸುಲಭ. ಹಿಡಿಯುವುದಕ್ಕೆ ಹದಿನೈದು ದಿನ ಮುಂಚಿನಿಂದ ಆಹಾರವನ್ನು ಒಂದೇ ಸ್ಥಳದಲ್ಲಿ, ಒಂದೇ ಹೊತ್ತಿನಲ್ಲಿ ಕೊಡಬೇಕು. ಬಲೆ ಎಳೆದು ಮುಗಿಸಲು ಅನುಕೂಲವಾದ, ಆಳ ಕಡಿಮೆ ಇರುವ ದಂಡೆಯನ್ನು ಆರಿಸಿಕೊಳ್ಳಬೇಕು. ತೌಡು ಮತ್ತು ಶೇಂಗಾ ಹಿಂಡಿಯ ಮಿಶ್ರಣವನ್ನು, ತಳದಲ್ಲಿ ಸಣ್ಣ ತೂತುಗಳನ್ನು ಮಾಡಿದ ಶುಚಿಯಾದ ಚೀಲದಲ್ಲಿ ತುಂಬಿ, ಗಳಕ್ಕೆ ಕಟ್ಟಿ ನೀರಿನಲ್ಲಿ ಇಳಿಬಿಡಬಹುದು. ಕೆಲವೇ ದಿನಗಳಲ್ಲಿ ಮೀನುಗಳು ಹೊತ್ತಿಗೆ ಸರಿಯಾಗಿ ಅಲ್ಲಿಗೆ ಬರತೊಡಗುತ್ತವೆ.

ಹಿಡಿಯುವ ಹಿಂದಿನ ದಿನ ಆಹಾರ ನಿಲ್ಲಿಸಬೇಕು. ಹೊಟ್ಟೆ ಖಾಲಿಯಾದ ಮೀನು ಬೇಗ ಕೆಡುವುದಿಲ್ಲ. ಹಸಿದ ಮೀನು ಮರುದಿನ ರೂಢಿಯ ಹೊತ್ತಿಗೆ ದಂಡೆಗೆ ತಪ್ಪದೆ ಬರುತ್ತದೆ.

ಬೀಸುಬಲೆ

ಹತ್ತಿಪ್ಪತ್ತು ಕಿಲೋ ಮೀನು ಬೇಕಾದಾಗ ಮತ್ತು ಬೆಳವಣಿಗೆಯನ್ನು ತೂಗಿ ನೋಡುವಾಗ ಬೀಸುಬಲೆ ಸಾಕು. ದಂಡೆಯ ಮೇಲೆ ನಿಂತು, ಆಹಾರದ ಸ್ಥಳದಲ್ಲಿ ಬಲೆ ಪೂರ್ತಿ ಬಿಚ್ಚಿಕೊಳ್ಳುವಂತೆ ಬೀಸಬೇಕು. ಸೀಸದ ಗುಂಡುಗಳು ತಳ ಮುಟ್ಟಿದ ಮೇಲೆ ನಿಧಾನವಾಗಿ ಸೆಳೆದುಕೊಳ್ಳಬೇಕು. ಎರಡು ಮೂರು ಸಲ ಬೀಸಿದ ನಂತರ ಮೀನು ಬೆದರಿ ದೂರ ಸರಿಯುತ್ತದೆ. ಆಮೇಲೆ ಬೀಸುವುದು ವ್ಯರ್ಥ ಶ್ರಮ.

ಎಳೆಬಲೆ

ಹೆಚ್ಚು ಮೀನು ಹಿಡಿಯಲು ಎಳೆಬಲೆಯೇ ಉತ್ತಮ. ಬಲೆಯ ಉದ್ದ ಹೊಂಡದ ಅಗಲದ ಒಂದೂವರೆ ಪಟ್ಟು, ಎತ್ತರ ನೀರಿನ ಆಳದ ಒಂದೂವರೆ ಪಟ್ಟು ಇರಬೇಕು. ಮೇಲೆ ಹೇಳಿದ ಹೊಂಡಕ್ಕೆ 150 ಅಡಿ ಉದ್ದ, 9 ಅಡಿ ಎತ್ತರದ ಬಲೆ ಬೇಕಾಗುತ್ತದೆ. ಅನುಸರಿಸಬೇಕಾದ ಕ್ರಮ ಹೀಗಿದೆ:

1. ಕಳ್ಳತನ ತಡೆಯಲು ಹೊಂಡದಲ್ಲಿ ಹಾಕಿದ ಜಾಲಿ ಮುಳ್ಳಿನ ಕೊಂಬೆಗಳನ್ನು ಎರಡು ಮೂರು ದಿನ ಮೊದಲೇ ತೆಗೆಯಬೇಕು. ಒಂದೇ ಒಂದು ಕೊಂಬೆ ಬಲೆಯನ್ನು ಹರಿಯಬಲ್ಲದು.

2. ಸೂರ್ಯೋದಯದ ನಂತರ, ಬಿಸಿಲೇರುವ ಮುಂಚೆ ಬಲೆ ಎಳೆಯಬೇಕು. ಅಂದು ಮುಂಜಾನೆ ಮೀನು ಮೇಲೆ ಬಂದು ಒದ್ದಾಡಿದ್ದರೆ ಬಲೆ ಹಾಕಬಾರದು. ಎಳೆಯುವಾಗ ತಳದ ಕೆಸರು ಕದಡಿ ಆಮ್ಲಜನಕ ಮತ್ತಷ್ಟು ಕುಗ್ಗುತ್ತದೆ.

3. ಆಳದ ಕಡೆಯಿಂದ ಆಳ ಕಡಿಮೆ ಇರುವ ಕಡೆಗೆ ಎಳೆಯಬೇಕು. ಎರಡು ದಂಡೆಗಳ ಮೇಲೂ ಜನ ಸಮವಾಗಿ ನಡೆಯಬೇಕು. ಬಲೆಯ ಎರಡು ತುದಿಗಳು ಮುಂದೆ, ನಡುಭಾಗ ಹಿಂದೆ ಇರಬೇಕು.

4. ಕೆಳಗಿನ ಹಗ್ಗ ಸದಾ ತಳಕ್ಕೆ ತಾಗಿರಬೇಕು. ಅದು ಒಂದು ಗೇಣು ಎದ್ದರೂ ಮೃಗಾಲ್, ಸಾಮಾನ್ಯ ಗೆಂಡೆಗಳು ನುಸುಳಿ ಹೋಗುತ್ತವೆ.

5. ಕೊನೆಯ ಹದಿನೈದು ಅಡಿಯಲ್ಲಿ ಬೆಂಡಿನ ಹಗ್ಗವನ್ನು ಕೈಯಿಂದ ನೀರಿನ ಮೇಲಕ್ಕೆ ಎತ್ತಿ ಹಿಡಿಯಬೇಕು. ಇಲ್ಲವಾದರೆ ಬೆಳ್ಳಿಗೆಂಡೆ, ಕಾಟ್ಲಾಗಳು ಬಲೆಯ ಮೇಲಿಂದ ಜಿಗಿಯುತ್ತವೆ.

6. ಬಲೆಯನ್ನು ನೀರಿನಲ್ಲಿಯೇ ತೊಟ್ಟಿಲಿನಂತೆ ಹಿಡಿದು, ಮುಕ್ಕಾಲು ಕಿಲೋಗಿಂತ ದೊಡ್ಡದಾದವುಗಳನ್ನು ಮಾತ್ರ ಆರಿಸಬೇಕು. ಚಿಕ್ಕವುಗಳನ್ನು ಒದ್ದೆ ಕೈಯಿಂದ ತಕ್ಷಣ ನೀರಿಗೆ ಬಿಡಬೇಕು. ಹೊರುಪೆ ಕಿತ್ತ ಮೀನಿಗೆ ರೋಗ ತಗಲುತ್ತದೆ.

ಒಂದು ದಿನಕ್ಕೆ ಒಂದೆರಡು ಎಳೆತಕ್ಕಿಂತ ಹೆಚ್ಚು ಬೇಡ. ಮುಂದಿನ ಹಿಡಿಯುವಿಕೆಗೆ ಎರಡು ಮೂರು ವಾರಗಳ ಅಂತರವಿರಲಿ. ಪ್ಲಾಸ್ಟಿಕ್ ಹಾಳೆ ಹಾಸಿದ ಕೃಷಿಹೊಂಡಗಳಲ್ಲಿ ಚೂಪಾದ ಕಬ್ಬಿಣದ ಭಾರಗಳಿರುವ ಬಲೆ ಬಳಸಬಾರದು.

ಮಾಡಬಾರದ ಕೆಲಸಗಳು

ಪಂಪ್‌ಸೆಟ್ಟಿನ ತಂತಿಯಿಂದ ನೀರಿಗೆ ವಿದ್ಯುತ್ ಹರಿಸಿ ಮೀನು ಹಿಡಿಯುವುದು ಪ್ರಾಣಾಪಾಯದ ಕೆಲಸ. ಹಿಡಿಯಲು ಇಳಿದವರೇ ಸಾಯುತ್ತಾರೆ. ಕೆರೆ, ಹಳ್ಳ, ನದಿಗಳ ನೀರಿನಲ್ಲಿ ಸಿಡಿಮದ್ದು ಅಥವಾ ವಿಷದಿಂದ ಮೀನು ಕೊಲ್ಲುವುದು 1897ರ ಭಾರತೀಯ ಮೀನುಗಾರಿಕೆ ಕಾಯಿದೆಯ ಕಾಲದಿಂದಲೇ ಅಪರಾಧ. ಭತ್ತಕ್ಕೆ ಕೀಟನಾಶಕ ಸಿಂಪಡಿಸಿದಾಗ ಗದ್ದೆಯ ಬಸಿನೀರು ಹೊಂಡಕ್ಕೆ ಸೇರದಂತೆ ಬದು ಕಟ್ಟಬೇಕು. ಅಂಥ ನೀರು ಸೇರಿದ ಹೊಂಡದ ಮೀನನ್ನು ಮಾರಬಾರದು.

ಒದ್ದೆಯಾದ ಎರೆಮಣ್ಣಿನ ದಂಡೆ ಬಹಳ ಜಾರುತ್ತದೆ. ಪ್ಲಾಸ್ಟಿಕ್ ಹಾಳೆಯ ಹೊಂಡದಲ್ಲಿ ಬಿದ್ದವರು ಈಜು ಬಲ್ಲವರಾದರೂ ಮೇಲೇರುವುದು ಕಷ್ಟ. ದಂಡೆಯಲ್ಲಿ ಗೂಟ ನೆಟ್ಟು, ಗಂಟು ಹಾಕಿದ ಹಗ್ಗವನ್ನು ನೀರಿನವರೆಗೆ ಸದಾ ಇಳಿಬಿಟ್ಟಿರಬೇಕು. ಗಾಳಿ ತುಂಬಿದ ಟ್ಯೂಬೊಂದನ್ನು ಪಕ್ಕದಲ್ಲಿಡಬೇಕು. ಒಬ್ಬರೇ ನೀರಿಗೆ ಇಳಿಯಬಾರದು. ಮಕ್ಕಳನ್ನು ಹತ್ತಿರ ಬಿಡಬಾರದು.

ಹಿಡಿದ ಮೇಲೆ

ಬೇಸಿಗೆಯಲ್ಲಿ ಬಳ್ಳಾರಿಯ ಉಷ್ಣತೆ 40 ಡಿಗ್ರಿ ದಾಟುತ್ತದೆ. ಕುರುಗೋಡಿನಿಂದ ಸುಮಾರು 30, ಸಿರುಗುಪ್ಪದಿಂದ ಸುಮಾರು 55 ಕಿಲೋಮೀಟರ್ ದೂರ ಸಾಗಿಸುವಷ್ಟರಲ್ಲಿ ಐಸ್ ಇಲ್ಲದ ಮೀನು ಬೆಲೆ ಕಳೆದುಕೊಳ್ಳುತ್ತದೆ. ಆದ್ದರಿಂದ ಬಲೆ ಹಾಕುವ ಮುಂಚೆಯೇ ಐಸ್ ತಂದಿಟ್ಟುಕೊಂಡು, ಕೊಳ್ಳುವವರೊಡನೆ ದರ ನಿಗದಿ ಮಾಡಿಕೊಳ್ಳಬೇಕು. ಹಿಡಿದ ಮೀನನ್ನು ಶುದ್ಧ ನೀರಿನಲ್ಲಿ ತೊಳೆದು, ಪುಡಿಮಾಡಿದ ಐಸನ್ನು ಮೀನಿನಷ್ಟೇ ತೂಕದಲ್ಲಿ ಪದರ ಪದರವಾಗಿ ಹಾಕಿ, ನೆರಳಿನಲ್ಲಿ ಸಾಗಿಸಬೇಕು.

ಹೊಂಡ ಬತ್ತಿದ ದಿನ 500 ಕಿಲೋ ಮೀನಿನೊಂದಿಗೆ ಬಂದ ರೈತ ಕೇಳಿದ ಬೆಲೆಗೆ ಕೊಡಲೇಬೇಕಾಗುತ್ತದೆ. ನೀರಿರುವಾಗ 100 ಕಿಲೋ ತಂದವನು ದರ ಒಪ್ಪಿಗೆಯಾಗದಿದ್ದರೆ ಮುಂದಿನ ಸಲ ಬೇರೆಯವರಿಗೆ ಮಾರಬಹುದು, ಉಳಿದ ಮೀನು ಹೊಂಡದಲ್ಲಿ ಬೆಳೆಯುತ್ತಿರುತ್ತದೆ. ಆದುದರಿಂದ ರೈತರು ಕಾಲುವೆ ನಿಲ್ಲುವ ಎರಡು ತಿಂಗಳು ಮೊದಲೇ ಮೊದಲ ಬಲೆ ಎಳೆಯುವುದು ಸೂಕ್ತ. ಕೊನೆಗೆ ಹೊಂಡದಲ್ಲಿ ಉಳಿದ ನೀರನ್ನು ತರಕಾರಿ ಬೆಳೆಗೆ ಹಾಯಿಸಿ, ತಳದ ಫಲವತ್ತಾದ ಗೋಡನ್ನು ಹೊಲಕ್ಕೆ ಹಾಕಿದರೆ ಮುಂದಿನ ಬೆಳೆಗೂ ಪ್ರಯೋಜನವಾಗುತ್ತದೆ.